ಕ್ಲಚ್ ಸೆಟ್ ಬದಲಿಸುವ ಮೊದಲು ಈ ನಟ್ ನೋಡಿ

ಉಜಿರೆಯಿಂದ ಕೊಟ್ಟಿಗೆಹಾರದ ಕಡೆಗೆ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ನಮ್ಮ ಹಳೆಯ ಮಾರುತಿ 800ರ ಎಂಜಿನ್ ಜೋರಾಗಿ ಕೂಗುತ್ತಿತ್ತು, ಕಾರು ಮಾತ್ರ ಏರಲು ಒಲ್ಲೆ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆಯೂ ಬಂತು. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಕ್ಲಚ್ ಕೇಬಲ್ ಬದಲಿಸಿಕೊಂಡಿದ್ದೆ. ಕೇಬಲ್ ಹೊಸದೇ, ಆದರೆ ಅದನ್ನು ಬಿಗಿದವರು ಪೆಡಲ್‌ಗೆ ಚೂರೂ ಸಡಿಲ ಬಿಟ್ಟಿರಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ತಣ್ಣಗಾಗುವವರೆಗೆ ಕಾದು, ಒಂದು ನಟ್ಟನ್ನು ಕೆಲವು ಸುತ್ತು ಸಡಿಲಿಸಿದೆ. ಆಮೇಲೆ ಘಾಟಿ ಮುಗಿಯುವವರೆಗೂ ಕಾರು ತಕರಾರು ಮಾಡಲಿಲ್ಲ.

ಕೇಬಲ್ ಕ್ಲಚ್ ಇರುವ ಕಾರುಗಳಲ್ಲಿ ಎಷ್ಟೋ ತೊಂದರೆಗಳ ಮೂಲ ಇಷ್ಟೇ. 1983ರಿಂದ 2014ರವರೆಗೆ ತಯಾರಾದ ಮಾರುತಿ 800, ಅದರ ಜೊತೆಗಾರ ಓಮ್ನಿ ಇವೆರಡೂ ಈ ಬಗೆಯವು. ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿವೆ. ಗೇರ್‌ಬಾಕ್ಸ್ ಇಳಿಸಿ ಸಾವಿರಾರು ರೂಪಾಯಿ ತೆರುವ ಮೊದಲು ಅರ್ಧ ಗಂಟೆ ಕೊಟ್ಟು ಇದನ್ನು ನೀವೇ ಪರೀಕ್ಷಿಸಬಹುದು.

ಒಳಗೆ ನಡೆಯುವುದನ್ನು ಮೊದಲು ತಿಳಿದುಕೊಳ್ಳಿ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ಗೂ ಪ್ರೆಷರ್ ಪ್ಲೇಟ್‌ಗೂ ನಡುವೆ ಕ್ಲಚ್ ಪ್ಲೇಟ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಕೇಬಲ್ ಒಂದು ಲಿವರನ್ನು ಎಳೆಯುತ್ತದೆ, ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಷರ್ ಪ್ಲೇಟನ್ನು ಒತ್ತಿ ಹಿಡಿದಿರುವ ಸ್ಪ್ರಿಂಗ್‌ನ ಬೆರಳಿನಂಥ ಪಟ್ಟಿಗಳನ್ನು (ಬೆರಳುಗಳನ್ನು) ಒತ್ತುತ್ತದೆ, ಪ್ಲೇಟ್ ಬಿಡುಗಡೆಯಾಗುತ್ತದೆ. ಬೇರಿಂಗ್ ಈ ಬೆರಳುಗಳನ್ನು ತಾಗುವ ಮೊದಲು ಪೆಡಲ್ ಹಗುರವಾಗಿ ಇಳಿಯುವ ದೂರವನ್ನೇ ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವುದು. ಅದು ಇಲ್ಲದಿದ್ದರೆ ಬೇರಿಂಗ್ ಸದಾ ಬೆರಳುಗಳನ್ನು ಒತ್ತುತ್ತಲೇ ಇದ್ದು ಪ್ಲೇಟ್ ಜಾರುತ್ತದೆ, ಘಾಟಿಯಲ್ಲಿ ನನಗಾದದ್ದು ಅದೇ.

ಹೆಚ್ಚಿನವರು ತಪ್ಪುವುದು ಇಲ್ಲಿ. ಪ್ಲೇಟ್ ಸವೆದಂತೆ ಪ್ಲೇ ಹೆಚ್ಚುತ್ತದೆ ಎಂದು ಭಾವಿಸಿ ನಟ್ ಬಿಗಿಯುತ್ತಾರೆ. ನಿಜದಲ್ಲಿ ನಡೆಯುವುದು ತಿರುವುಮುರುವು. ಪ್ಲೇಟ್ ತೆಳುವಾದಷ್ಟೂ ಸ್ಪ್ರಿಂಗ್‌ನ ಬೆರಳುಗಳು ಬೇರಿಂಗ್ ಕಡೆಗೆ ಬರುತ್ತವೆ, ಪ್ಲೇ ಕಡಿಮೆಯಾಗುತ್ತದೆ. ಪ್ಲೇ ಹೆಚ್ಚುವುದು ಕೇಬಲ್ ಹಿಗ್ಗಿದಾಗ. ಹಾಗಾಗಿ ಅಂದಾಜಿನ ಮೇಲೆ ಸ್ಪ್ಯಾನರ್ ಹಿಡಿಯಬೇಡಿ, ಅಳೆಯಿರಿ.

ಅಳೆಯುವ ಮೊದಲು ಪೆಡಲ್ ಕೆಳಗಿನ ಮ್ಯಾಟ್ ತೆಗೆಯಿರಿ. ಮಡಚಿಕೊಂಡ ಮ್ಯಾಟ್ ಪೆಡಲನ್ನು ಪೂರ್ತಿ ಇಳಿಯಲು ಬಿಡದೆ ‘ಗೇರ್ ಬೀಳುತ್ತಿಲ್ಲ’ ಎಂಬ ದೂರಿಗೆ ಕಾರಣವಾಗುವುದುಂಟು. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆರಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೊಂದು ಕಲ್ಲು ಕೊಡಿ. ಪೆಡಲ್ ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ, ಪೆಡಲನ್ನು ಕೈಯಿಂದ ಒತ್ತಿ. ಕಾಲಿಗೆ ಈ ಸೂಕ್ಷ್ಮ ತಿಳಿಯುವುದಿಲ್ಲ. ಬಿಗಿ ಸಿಗುವಲ್ಲಿ ನಿಲ್ಲಿಸಿ, ಎಷ್ಟು ಇಳಿದಿದೆ ನೋಡಿ. ಇಂಥ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ.

ಇನ್ನು ಬಾನೆಟ್ ಎತ್ತಿ, ಕೇಬಲ್ ಹೋಗುವ ದಾರಿಯನ್ನೇ ಹಿಡಿದು ಗೇರ್‌ಬಾಕ್ಸ್‌ವರೆಗೆ ಬನ್ನಿ. ಅಲ್ಲಿನ ಲಿವರ್ ಬಳಿ ಕೇಬಲ್‌ನ ಮರೆ (ತಿರುಪಿನ ಗೆರೆ, ಥ್ರೆಡ್) ಇರುವ ತುದಿ, ಅದರ ಮೇಲೆ ನಟ್ ಕಾಣುತ್ತದೆ. ಮೊದಲು ಕೇಬಲನ್ನೇ ಪರೀಕ್ಷಿಸಿ. ತಂತಿಯ ಎಳೆ ಒಂದಾದರೂ ಕಡಿದು ಹೊರಗೆ ಚಾಚಿದ್ದರೆ ಅಡ್ಜಸ್ಟ್ ಮಾಡುವ ಯೋಚನೆ ಬಿಟ್ಟು ಕೇಬಲ್ ಬದಲಿಸಿ. ಅದು ಸಿಗ್ನಲ್ ನಡುವೆಯೇ ತುಂಡಾಗಬಹುದು. ಎಳೆಗಳು ಸರಿಯಿದ್ದರೆ ಮರೆಯ ಮಣ್ಣು ಒರೆಸಿ, ಲಾಕ್ ನಟ್ ಇದ್ದರೆ ಅದನ್ನು ಸಡಿಲಿಸಿ, ಅಡ್ಜಸ್ಟ್ ನಟ್ಟನ್ನು ಒಮ್ಮೆಗೆ ಒಂದೇ ಸುತ್ತು ತಿರುಗಿಸಿ. ಕೇಬಲ್ ಬಿಗಿಯಾದರೆ ಪ್ಲೇ ಕುಗ್ಗುತ್ತದೆ, ಸಡಿಲವಾದರೆ ಹೆಚ್ಚುತ್ತದೆ. ಪ್ರತಿ ಸಲವೂ ಪೆಡಲನ್ನು ನಾಲ್ಕೈದು ಬಾರಿ ಪೂರ್ತಿ ತುಳಿದು ಬಿಟ್ಟು, ಮತ್ತೆ ಅಳೆಯಿರಿ. ಅಳತೆ ಕೂಡಿಬಂದ ಮೇಲೆ ಲಾಕ್ ನಟ್ ಬಿಗಿಯಲು ಮರೆಯಬೇಡಿ.

ಈಗ ಎಂಜಿನ್ ಚಾಲೂ ಮಾಡಿ. ಕ್ಲಚ್ ಪೂರ್ತಿ ಒತ್ತಿ, ಕೆಲವು ಸೆಕೆಂಡು ಕಾದು ರಿವರ್ಸ್ ಹಾಕಿ. ಕರಕರ ಸದ್ದು ಬಂದರೆ ಪ್ಲೇಟ್ ಇನ್ನೂ ಪೂರ್ತಿ ಬಿಡುತ್ತಿಲ್ಲ, ಪ್ಲೇ ಹೆಚ್ಚಾಗಿರಬಹುದು. ಎರಡನೆಯ ಪರೀಕ್ಷೆಗೆ ಮುಂದೆ ಖಾಲಿ ಜಾಗ ಬೇಕು, ಎದುರು ಯಾರೂ ನಿಂತಿರಬಾರದು. ಹ್ಯಾಂಡ್ ಬ್ರೇಕ್ ಬಲವಾಗಿ ಎಳೆದು, ಕಾಲು ಬ್ರೇಕನ್ನೂ ಒತ್ತಿ ಹಿಡಿದು, ನಾಲ್ಕನೆಯ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಉಸಿರುಕಟ್ಟಿ ನಿಂತರೆ ಕ್ಲಚ್ ಹಿಡಿಯುತ್ತಿದೆ. ಕ್ಲಚ್ ಪೂರ್ತಿ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಕೂಡಲೇ ಕ್ಲಚ್ ಒತ್ತಿ ಎಂಜಿನ್ ಆರಿಸಿ. ಇದನ್ನು ಒಂದೇ ಸಲ ಮಾಡಿ, ಮತ್ತೆ ಮತ್ತೆ ಮಾಡಿದರೆ ಪ್ಲೇಟ್ ಕಾದು ಸುಡುತ್ತದೆ. ಪ್ಲೇ ಸರಿಯಿದ್ದೂ ಜಾರುವುದಾದರೆ ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಆಯಿಲ್ ತಾಗಿದೆ.

ಸದ್ದಿಗೂ ಕಿವಿಗೊಡಿ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಕಿರುಗುಟ್ಟುವ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ನಿಂತು, ಬಿಟ್ಟಾಗ ಮರಳುವ ಸದ್ದಾದರೆ ಗೇರ್‌ಬಾಕ್ಸ್‌ನೊಳಗಿನ ಬೇರಿಂಗ್ ಇರಬಹುದು. ಕಾರು ಹೊರಡುವಾಗ ನಡುಗಿದರೆ ಎಂಜಿನ್ ಮೌಂಟಿಂಗ್‌ಗಳನ್ನೂ ನೋಡಿಸಿ. ತಪ್ಪು ಯಾವಾಗಲೂ ಕ್ಲಚ್‌ನದೇ ಅಲ್ಲ.

ಕೇಬಲ್ ಬದಲು ಫ್ಲೂಯಿಡ್‌ನ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಇರುವ ಕಾರಾದರೆ ಈ ಕೇಬಲ್ ನಟ್ ಸಿಗುವುದಿಲ್ಲ. ಅಲ್ಲಿ ಪೆಡಲ್ ಮೆತ್ತಗಾಗಿ, ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿರಬಹುದು ಅಥವಾ ಎಲ್ಲೋ ಫ್ಲೂಯಿಡ್ ಸೋರುತ್ತಿರಬಹುದು. ಕೆಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಫ್ಲೂಯಿಡ್ ಹೋಗುವುದರಿಂದ, ಮಟ್ಟ ಇಳಿದಿದ್ದರೆ ಕಾರಣ ತಿಳಿಯದೆ ಕಾರು ಓಡಿಸಬೇಡಿ.

ಕೊನೆಗೂ ಗೇರ್‌ಬಾಕ್ಸ್ ಇಳಿಸಲೇಬೇಕಾಯಿತು ಎನ್ನಿ. ಆಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಬಿಡಿಭಾಗಕ್ಕಿಂತ ಇಳಿಸಿ ಏರಿಸುವ ಕೂಲಿಯೇ ಹೊರೆ. ಹಳೆಯ ಪ್ಲೇಟನ್ನು ಕೇಳಿ ಪಡೆದು ನೋಡಿ. ಅದರಲ್ಲಿ ಆಯಿಲ್ ಜಿಡ್ಡಿದ್ದರೆ, ಅದು ಎಂಜಿನ್ ಹಿಂಬದಿಯ ಸೀಲ್‌ನಿಂದ ಬಂತೋ ಗೇರ್‌ಬಾಕ್ಸ್ ಸೀಲ್‌ನಿಂದ ಬಂತೋ ಎಂದು ನೋಡಿಸಿ, ಹೊಸ ಪ್ಲೇಟ್ ಕೂರಿಸುವ ಮೊದಲೇ ಆ ಸೀಲ್ ಬದಲಿಸಿಕೊಳ್ಳಿ.