‘ಇಂಟರೆಸ್ಟ್’: ಬಡ್ಡಿಯೋ, ಆಸಕ್ತಿಯೋ? ಪಕ್ಕದ ಪದ ನೋಡಿ

ಕನ್ನಡದಲ್ಲಿ ಬಡ್ಡಿ ಕಟ್ಟುತ್ತೇವೆ, ಆಸಕ್ತಿ ವಹಿಸುತ್ತೇವೆ, ಹಿತ ಕಾಯುತ್ತೇವೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ‘ಇಂಟರೆಸ್ಟ್’ ಎಂಬ ಒಂದೇ ನಾಮಪದವಿರುವುದರಿಂದ, ಅರ್ಥವನ್ನು ಬೇರ್ಪಡಿಸುವ ಕೆಲಸ ಅದರ ಅಕ್ಕಪಕ್ಕದ ಪದಗಳ ಪಾಲಿಗೆ ಬರುತ್ತದೆ. ರೂಢಿಯಲ್ಲಿ ಜೊತೆಯಾಗಿ ಬರುವ ಇಂಥ ಪದಗಳಿಗೆ ಭಾಷಾಶಾಸ್ತ್ರದಲ್ಲಿ ‘ಕೊಲೊಕೇಶನ್’ ಎಂದು ಹೆಸರು.

ಮೊದಲು ನೋಟ್‌ಬುಕ್ಕಿನ ಒಂದು ಪುಟವನ್ನು ಅರ್ಥಕ್ಕೊಂದರಂತೆ ಭಾಗ ಮಾಡಿಕೊಂಡು, ಸುಲಭವಾದ ಬಡ್ಡಿಯಿಂದ ಆರಂಭಿಸಿ. ಸಾಲಗಾರ ಬಡ್ಡಿ ಕಟ್ಟುವುದು ‘ಪೇ ಇಂಟರೆಸ್ಟ್’, ಬ್ಯಾಂಕು ಬಡ್ಡಿ ಹಾಕುವುದು ‘ಚಾರ್ಜ್ ಇಂಟರೆಸ್ಟ್’, ಠೇವಣಿಗೆ ಬಡ್ಡಿ ಬರುವುದು ‘ಅರ್ನ್ ಇಂಟರೆಸ್ಟ್’. ಸರಳ ಬಡ್ಡಿಗೆ ‘ಸಿಂಪಲ್’, ಚಕ್ರಬಡ್ಡಿಗೆ ‘ಕಾಂಪೌಂಡ್’ ಎಂಬ ವಿಶೇಷಣಗಳು ಸೇರುತ್ತವೆ. ಈ ಅರ್ಥದಲ್ಲಿ ಪದದ ಹಿಂದೆ ‘ಆ್ಯನ್’ ಬರುವುದಿಲ್ಲ, ಬಹುವಚನವೂ ಇಲ್ಲ.

ಎರಡನೆಯ ಭಾಗದಲ್ಲಿ ಆಸಕ್ತಿಯ ಜೋಡಿಗಳನ್ನು ಬರೆಯಿರಿ: ‘ಟೇಕ್ ಆ್ಯನ್ ಇಂಟರೆಸ್ಟ್’, ‘ಶೋ ಇಂಟರೆಸ್ಟ್’, ‘ಲೂಸ್ ಇಂಟರೆಸ್ಟ್’. ನಮ್ಮವರು ಹೆಚ್ಚು ಎಡವುವುದು ಇಲ್ಲಿಯೇ. ‘ಪೇ ಅಟೆನ್ಷನ್’ ಸರಿಯಾದ ಬಳಕೆಯಾಗಿರುವುದರಿಂದ ಅದೇ ಧಾಟಿಯಲ್ಲಿ ‘ಪೇ ಇಂಟರೆಸ್ಟ್ ಇನ್ ಮ್ಯೂಸಿಕ್’ ಎಂದು ಬರೆದರೆ, ಸಂಗೀತಕ್ಕೆ ಬಡ್ಡಿ ಕಟ್ಟಲು ಹೊರಟಂತಾಗುತ್ತದೆ. ‘ಕಲಿಯಲು ಆಸಕ್ತಿಯಿದೆ’ ಎಂಬ ಕನ್ನಡದ ವಾಕ್ಯವನ್ನು ‘ಇಂಟರೆಸ್ಟ್ ಟು ಲರ್ನ್’ ಎಂದು ಹಾಗೆಯೇ ಇಳಿಸುವುದೂ ತಪ್ಪು. ‘ಆ್ಯನ್ ಇಂಟರೆಸ್ಟ್ ಇನ್ ಲರ್ನಿಂಗ್’ ಎನ್ನಬೇಕು.

ಮೂರನೆಯದು ಹಿತಾಸಕ್ತಿ. ಸಾರ್ವಜನಿಕ ಹಿತಾಸಕ್ತಿ ‘ಪಬ್ಲಿಕ್ ಇಂಟರೆಸ್ಟ್’, ಪಟ್ಟಭದ್ರ ಹಿತಾಸಕ್ತಿ ‘ವೆಸ್ಟೆಡ್ ಇಂಟರೆಸ್ಟ್’, ಹಿತಾಸಕ್ತಿ ಸಂಘರ್ಷ ‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’. ಇವು ಪತ್ರಿಕೆ ಓದುವವರಿಗೆ ಪರಿಚಿತವೇ.

ಆಮೇಲೆ ನಾಮಪದದ ಮುಂದೆ ಬರುವ ಚಿಕ್ಕ ಪದವನ್ನು ಗಮನಿಸಿ. ಸಾಲದ ಮೇಲಿನ ಬಡ್ಡಿಗೆ ‘ಆನ್’ ಬಂದರೆ, ವಿಷಯದಲ್ಲಿನ ಆಸಕ್ತಿಗೆ ‘ಇನ್’ ಬರುತ್ತದೆ. ‘ವಿತ್ ಇಂಟರೆಸ್ಟ್’ ಎಂಬಲ್ಲಿ ಮಾತ್ರ ಹಿಂದಿನ ಕ್ರಿಯಾಪದವನ್ನೇ ನೋಡಬೇಕು: ‘ರೀಪೇ’ ಇದ್ದರೆ ಬಡ್ಡಿ ಸಮೇತ ತೀರಿಸುವುದು, ‘ವಾಚ್’ ಇದ್ದರೆ ಆಸಕ್ತಿಯಿಂದ ನೋಡುವುದು.

ಕೊನೆಗೆ ‘ಶಿ ಹ್ಯಾಸ್ ಆ್ಯನ್ ಇಂಟರೆಸ್ಟ್ ಇನ್ ದ ಕಂಪನಿ’ ಎಂಬ ವಾಕ್ಯವನ್ನು ನೀವೇ ಬಿಡಿಸಿ ನೋಡಿ. ಆಕೆಗೆ ಕಂಪನಿಯ ಬಗ್ಗೆ ಕುತೂಹಲವಿರಬಹುದು, ಇಲ್ಲವೇ ಅದರಲ್ಲಿ ಪಾಲಿರಬಹುದು. ‘ಕೀನ್’ ಎಂಬ ವಿಶೇಷಣ ಸೇರಿದರೆ ಮೊದಲನೆಯದು, ‘ಕಂಟ್ರೋಲಿಂಗ್’ ಸೇರಿದರೆ ಎರಡನೆಯದು, ಎರಡೂ ಇಲ್ಲದಿದ್ದರೆ ಹಿಂದಿನ ವಾಕ್ಯಕ್ಕೆ ಮರಳಬೇಕು.