ಸೋಪಿನ ನೀರಿನಲ್ಲಿ ಸಿಕ್ಕಿಬಿದ್ದ ಬೂಸ್ಟ್ ಸೋರಿಕೆ

ನನ್ನದು ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಟೆನ್, 1998 ಸಿಸಿಯ ಟರ್ಬೊ ಎಂಜಿನ್. ಟರ್ಬೊದ ಬಿಸಿ ಗಾಳಿ ತಣಿಸುವ ದೊಡ್ಡ ಇಂಟರ್‌ಕೂಲರ್ ಹಾಕಿದ ಮೇಲೆ ಶಿರಾ ಕಡೆಯ ಹೆದ್ದಾರಿಯಲ್ಲಿ 20 ಪಿಎಸ್‌ಐ ಮುಟ್ಟಬೇಕಾದ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) 14ರಲ್ಲೇ ನಿಲ್ಲುತ್ತಿತ್ತು. ಹಿಂದೆ ಕಪ್ಪು ಹೊಗೆ. ವೇಸ್ಟ್‌ಗೇಟ್ (ಬೂಸ್ಟನ್ನು ಮಿತಿಯಲ್ಲಿಡುವ ಕವಾಟ) ಮೇಲೆ ಅನುಮಾನಪಟ್ಟು ಅದನ್ನು ನಿಯಂತ್ರಿಸುವ ಸೊಲೆನಾಯ್ಡ್ ಬದಲಿಸಿದೆ. ಪ್ರಯೋಜನವಾಗಲಿಲ್ಲ.

ತುಮಕೂರಿನ ಶಿರಾ ಗೇಟ್ ಬಳಿಯ ಪಂಕ್ಚರ್ ಅಂಗಡಿಯ ಹಿರಿಯರು, "ಟ್ಯೂಬಿನಂತೆ ಇದಕ್ಕೂ ಗಾಳಿ ತುಂಬಿ ನೋಡಿ ಸ್ವಾಮಿ" ಎಂದರು. ಎಷ್ಟು ಸರಿಯಾದ ಮಾತು!

ಪಿವಿಸಿ ಮುಚ್ಚಳಕ್ಕೆ ಟೈರಿನ ವಾಲ್ವ್ ಕೂರಿಸಿ, ಟರ್ಬೊದ ಗಾಳಿ ಒಳಬರುವ ಬಾಯಿಗೆ ಬಿಗಿದೆವು. ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಕೊಳವೆಯನ್ನೂ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ನಿಧಾನವಾಗಿ 15 ಪಿಎಸ್‌ಐ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದೆವು. ಇಂಟರ್‌ಕೂಲರಿನ ಕೆಳಗಿನ ಸಿಲಿಕಾನ್ ಹೋಸಿನಲ್ಲಿ ನೊರೆ ಉಕ್ಕಿತು. ಪೈಪಿನ ತುದಿಯಲ್ಲಿ ಉಬ್ಬು ಅಂಚಿರಲಿಲ್ಲ, ಜೊತೆಗೆ ಎಣ್ಣೆಯ ಜಿಡ್ಡು; ಒತ್ತಡಕ್ಕೆ ಹೋಸು ಜಾರುತ್ತಿತ್ತು. ಸೆನ್ಸರ್ ಅಳೆದ ಗಾಳಿ ಎಂಜಿನ್ ತಲುಪುವ ಮೊದಲೇ ಸೋರುತ್ತಿತ್ತು. ಪೆಟ್ರೋಲ್ ಮಾತ್ರ ಅಳತೆಯ ಪ್ರಕಾರವೇ ಸುರಿಯುತ್ತಿತ್ತು. ಹೊಗೆಗೆ ಅದೇ ಕಾರಣ.

ತುದಿಗೆ ಅಂಚು ಕಟ್ಟಿಸಿ, ಜಿಡ್ಡು ಒರೆಸಿ, ಹೋಸನ್ನು ಬಿಗಿಹಿಡಿಯುವ ಟಿ-ಬೋಲ್ಟ್ ಕ್ಲಾಂಪ್ ಹಾಕಿದೆ. ಅದೇ ಸಂಜೆ ಬೂಸ್ಟ್ ಮೀಟರಿನ ಮುಳ್ಳು 20ಕ್ಕೆ ಹೋಗಿ ಅಲ್ಲೇ ನಿಂತಿತು. ಹೊಗೆಯೂ ಇಲ್ಲ.