ಒಂದು ದಿನಕ್ಕೆ ಒಂದೇ ಜಾಗ: ಮಂಗಳೂರಿನಲ್ಲಿ ಮಕ್ಕಳಿಗೆ ಹಳೆಯದನ್ನು ತೋರಿಸಿದ ನನ್ನ ಅನುಭವ

"ಮ್ಯೂಸಿಯಂ ಅಂದ್ರೆ ಮಕ್ಕಳು ಓಡ್ತಾರೆ, ಸುಮ್ನೆ ಮಾಲ್‌ಗೆ ಕರ್ಕೊಂಡು ಹೋಗು" ಅಂತ ಅತ್ತಿಗೆ ಮೂರು ವರ್ಷ ಹೇಳಿದರು. ಕಳೆದ ಬೇಸಿಗೆ ರಜೆಯಲ್ಲಿ ಅವರ ಮಗನೇ ಬೆಳಗ್ಗೆ ಆರಕ್ಕೆ ಎದ್ದು, ಚಪ್ಪಲಿ ಹಾಕಿಕೊಂಡು, "ಇವತ್ತು ಎಲ್ಲಿಗೆ?" ಅಂತ ಬಾಗಿಲಲ್ಲಿ ನಿಂತಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಎಡವಿದೆ. ಆರು ಮಕ್ಕಳು, ಒಂದು ಬಾಡಿಗೆ ವ್ಯಾನು. ಬಿಜೈ ಮ್ಯೂಸಿಯಂ, ಕದ್ರಿ, ಅಲೋಶಿಯಸ್ ಕಾಲೇಜಿನ ಚಾಪೆಲ್ (ಪ್ರಾರ್ಥನಾ ಮಂದಿರ), ಹೊಳೆ ಬದಿಯ ಕಾವಲು ಬುರುಜು ಸುಲ್ತಾನ್ ಬತ್ತೇರಿ, ಪಿಲಿಕುಳ ನಿಸರ್ಗಧಾಮ, ಎಲ್ಲವೂ ಒಂದೇ ದಿನ! ಅದೂ ಸೋಮವಾರ. ಬಿಜೈಯಲ್ಲಿ ಬೀಗ, ಪಿಲಿಕುಳದಲ್ಲೂ ಬೀಗ. ವ್ಯಾನು ಬಂದದ್ದೇ ಒಂದೂವರೆ ಗಂಟೆ ತಡ. ಬತ್ತೇರಿಗೆ ಮುಟ್ಟುವಾಗ ನಡುಮಧ್ಯಾಹ್ನ, ಕಲ್ಲು ಕಾದಿತ್ತು, ಚಿಕ್ಕವಳು ವಾಂತಿ ಮಾಡಿದಳು. ವ್ಯಾನಿಗೆ ಸುಮಾರು ಮೂರೂವರೆ ಸಾವಿರ, ಊಟ ತಿಂಡಿ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಮಕ್ಕಳಿಗೆ ನೆನಪಿದ್ದದ್ದು ಗಡ್‌ಬಡ್ ಐಸ್‌ಕ್ರೀಮ್ ಮಾತ್ರ.

ಎರಡನೇ ವರ್ಷ ಜಾಗ ಕಡಿಮೆ ಮಾಡಿದೆ, ಆದರೆ ಇಪ್ಪತ್ತು ಪ್ರಶ್ನೆಗಳ ಹಾಳೆ ಅಚ್ಚು ಹಾಕಿಸಿದೆ. ಬಣ್ಣದ ಪ್ರಿಂಟಿಗೇ ನಾನೂರು ರೂಪಾಯಿ. ದೊಡ್ಡವ ಹತ್ತು ನಿಮಿಷದಲ್ಲಿ ಬರೆದ, ಉಳಿದವರು ಅವನನ್ನು ನೋಡಿ ಬರೆದರು. ಅದು ಶಾಲೆಯ ಪರೀಕ್ಷೆಯೇ ಆಯಿತು.

ಮೂರನೇ ವರ್ಷ ಎಲ್ಲ ಬಿಟ್ಟು ಒಂದೇ ನಿಯಮ ಇಟ್ಟುಕೊಂಡೆ. ಒಂದು ದಿನಕ್ಕೆ ಒಂದು ಜಾಗ, ಒಂದು ಪ್ರಶ್ನೆ, ಹನ್ನೊಂದು ಗಂಟೆಯೊಳಗೆ ಮನೆ. ಪ್ರಶ್ನೆಯ ಉತ್ತರ ಯಾವ ಬೋರ್ಡಿನಲ್ಲೂ ಬರೆದಿರಬಾರದು.

ಬತ್ತೇರಿಯಿಂದ ಶುರು ಮಾಡಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದ ಹಾಗೆ ಕಾಯಲು. ಇಷ್ಟು ಹೇಳಿ ನಾನು ಬಾಯಿ ಮುಚ್ಚಿದೆ. ಪ್ರಶ್ನೆ ಇದು: "ಹಡಗು ಬರ್ತಾ ಉಂಟು. ನೀನು ಯಾವ ಕಿಂಡಿಯಲ್ಲಿ ನಿಲ್ತೀ?" ಮೂವರು ನನ್ನ ತಮ್ಮನ ಜೊತೆ ಮೇಲೆ ನಿಂತರು. ಮೂವರು ನನ್ನ ಜೊತೆ ಹೊಳೆಯಾಚೆಯ ತಣ್ಣೀರುಬಾವಿಗೆ ಹೋಗುವ ದೋಣಿ ಹತ್ತಿದರು. ನಾವೇ ಶತ್ರುಗಳು. ಮೇಲಿನವರು ತಮ್ಮ ತಮ್ಮ ಕಿಂಡಿಯಲ್ಲಿ ದೋಣಿ ಎಷ್ಟು ಹೊತ್ತು ಕಾಣುತ್ತದೆ ಅಂತ ಎಣಿಸಬೇಕು. ಒಬ್ಬನಿಗೆ ನಲವತ್ತು ಸಿಕ್ಕಿತು, ಪಕ್ಕದವಳಿಗೆ ಹದಿನೈದೂ ಇಲ್ಲ. ಆಮೇಲೆ ಜಾಗಕ್ಕಾಗಿ ಜಗಳ! ಮದ್ದುಗುಂಡು ಇಡುತ್ತಿದ್ದ ಕೆಳಗಿನ ಕೋಣೆಯನ್ನು ನಾನು ತೋರಿಸಲೇ ಇಲ್ಲ, ಅವರೇ ಕಂಡುಹಿಡಿದರು. ಸಿಟಿ ಬಸ್ಸು, ದೋಣಿ, ಗೋಳಿಬಜೆ, ಚಹಾ ಸೇರಿ ಎಂಟು ಜನಕ್ಕೆ ಐನೂರು ದಾಟಲಿಲ್ಲ.

ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ ಹಡಗಿನ ಆಕಾರದ ಮನೆ, ಗೊತ್ತಲ್ವಾ. ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆ ಕೊಟ್ಟದ್ದು, 1960ರಿಂದ ಮ್ಯೂಸಿಯಂ. ಅಲ್ಲಿ ಒಳಗೆ ಹೋಗುವ ಮೊದಲು ಹೊರಗೇ ಅರ್ಧ ಗಂಟೆ ಕೂರಿಸಿ ಕಟ್ಟಡದ ಚಿತ್ರ ಬಿಡಿಸಲು ಹೇಳಿದೆ. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಮುಚ್ಚಿದ ಚೀಟಿ. ಅದರಲ್ಲಿ ಏನು ಬರೆಯುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಹದಕ್ಕೆ ತರಲು ನನಗೆ ಎರಡು ರಜೆ ಬೇಕಾಯಿತು.

ನನಗೆ ತುಂಬಾ ಖುಷಿ ಕೊಟ್ಟದ್ದು ಚಾಪೆಲ್. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರ ಸುಮಾರಿಗೆ ಶುರು ಮಾಡಿ ಸುಮಾರು ಎರಡು ವರ್ಷ ಕೂತು ಗೋಡೆ, ಛಾವಣಿ ಎಲ್ಲ ತುಂಬಿಸಿದ ಚಿತ್ರಗಳು. ಕೆಲವು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ, ಕೆಲವು ಹಸಿ ಗಾರೆಯ ಮೇಲೆಯೇ. "ಹಸಿ ಗೋಡೆಗೆ ಬಣ್ಣ ಹಚ್ಚಿದರೆ ಇಳಿದು ಹೋಗುವುದಿಲ್ವಾ?" ಅಂತ ಒಬ್ಬಳು ಕೇಳಿದಳು. ಉತ್ತರ ಹೇಳುವ ಬದಲು ಮನೆಯಲ್ಲೇ ಮಾಡಿ ನೋಡಿದೆವು.

ಒಡೆದ ಮಂಗಳೂರು ಹೆಂಚು ಹಿತ್ತಿಲಲ್ಲಿ ಬೇಕಾದಷ್ಟು ಇತ್ತು. ಅದರ ಬೆನ್ನಿಗೆ ಚಿಪ್ಪಿನ ಸುಣ್ಣ ಮತ್ತು ಜರಡಿ ಹಿಡಿದ ಹೊಯಿಗೆ (ಮರಳು) ಕಲಸಿ ಮೆತ್ತಿದೆವು. ಸುಣ್ಣ ಕೈ ಸುಡುತ್ತದೆ, ಎಲ್ಲರಿಗೂ ಗ್ಲೌಸ್ ಕಡ್ಡಾಯ. ಮೊದಲ ದಿನ ಬಣ್ಣ ಇಳಿದೇ ಹೋಯಿತು, ಆರು ಹೆಂಚು ಹಾಳು. ಎರಡನೇ ದಿನ ಒಂದು ಗಂಟೆ ಬಿಟ್ಟು, ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿಯಾದ ಮೇಲೆ ಹಚ್ಚಿದೆವು. ಕಾವಿ ಮಣ್ಣಿನ ಬಣ್ಣ ಗಟ್ಟಿಯಾಗಿ ಕೂತಿತು. ಅರಿಶಿನ ಹಚ್ಚಿದವನ ಸೂರ್ಯ ನೋಡನೋಡುತ್ತ ಕೆಂಪಾದ! ಸುಣ್ಣ ತಾಗಿದರೆ ಅರಿಶಿನ ಕೆಂಪಾಗುವುದು ನಮಗೆ ಆರತಿ ತಟ್ಟೆಯಲ್ಲಿ ಗೊತ್ತು, ಅವರಿಗೆ ಅದು ಮಾಯೆ. ಮರುದಿನ ಎಲ್ಲರೂ ಮತ್ತೆ ಚಾಪೆಲ್‌ಗೆ ಹೋಗಬೇಕು ಅಂದರು. ಹೋದೆವು. ಈ ಸಲ ಮೊಸ್ಕೇನಿ ಕೆಂಪಿಗೆ ಏನು ಹಾಕಿರಬಹುದು ಅಂತ ಅವರವರಲ್ಲೇ ಚರ್ಚೆ.

ಹೆಂಚಿನ ಬೆನ್ನಿನ ಅಕ್ಷರಗಳಿಂದ ಇನ್ನೊಂದು ದಾರಿ ಹುಟ್ಟಿತು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಕಾರ್ಖಾನೆಯ ಹೆಸರು ಮೂಡುತ್ತದೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು, ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಅಜ್ಜಿಮನೆ, ಪಕ್ಕದ ಮನೆ, ದನದ ಕೊಟ್ಟಿಗೆ ಸುತ್ತಿ ಹನ್ನೆರಡೋ ಹದಿಮೂರೋ ಬೇರೆ ಬೇರೆ ಮುದ್ರೆ ಕೂಡಿಸಿದರು. ಇದಕ್ಕೆ ಟಿಕೆಟ್ಟೂ ಇಲ್ಲ, ರಜೆಯೂ ಇಲ್ಲ.

ನಾಲ್ಕು ವಾರದ ರಜೆಯಲ್ಲಿ ಐದು ಕಡೆ ಹೋದೆವು. ಪಿಲಿಕುಳದ ತಾರಾಲಯ, ಗುತ್ತಿನ ಮನೆ (ತುಳುನಾಡಿನ ಹಳೆಯ ಕಾಲದ ದೊಡ್ಡ ಮನೆ) ನೋಡಿದ ದಿನ ಮಾತ್ರ ದುಬಾರಿ, ಎರಡು ಸಾವಿರದ ಮೇಲೆ ಬಿತ್ತು. ಆದರೂ ಒಟ್ಟು ಖರ್ಚು ಮೊದಲ ವರ್ಷದ ಆ ಒಂದು ದಿನಕ್ಕಿಂತ ಕಡಿಮೆ. ಈ ದಸರಾ ರಜೆಗೆ ಬಂಟ್ವಾಳದ ಬಿ.ಸಿ. ರೋಡಿನ ತುಳು ಬದುಕು ಮ್ಯೂಸಿಯಂ ಇಟ್ಟುಕೊಂಡಿದ್ದೇನೆ. ಈಗಾಗಲೇ ಒಂಬತ್ತು ಮಕ್ಕಳ ಹೆಸರು ಬಂದಿದೆ. ಅತ್ತಿಗೆಯೂ ಬರುತ್ತಾರಂತೆ, ಅವರಿಗೂ ಒಂದು ಚೀಟಿ ಬರೆಯಬೇಕು.